ಸೀರೀಸ್ ಲ್ಯಾಂಪ್ ಹಿಡಿದು ತತ್ವಶಾಸ್ತ್ರ ಮಾಡುವುದು ಹೇಗೆ

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಇಪ್ಪತ್ತೆಂಟು ವರ್ಷದಿಂದ ಸುಟ್ಟ ಪಂಪ್‌ಸೆಟ್ ಮೋಟಾರು ಬಿಚ್ಚಿ, ಹಳೇ ತಂತಿ ಕಿತ್ತು, ಹೊಸ ತಾಮ್ರ ಸುತ್ತಿ ಕೊಡುತ್ತಿದ್ದೇನೆ. ಓದಿದ್ದು ಐಟಿಐ. ತತ್ವಶಾಸ್ತ್ರ ಅಂದರೆ ಶ್ರಾವಣದಲ್ಲಿ ಮಠದಲ್ಲಿ ಕೇಳುವ ಪ್ರವಚನ ಅಂತಲೇ ತಿಳಿದಿದ್ದೆ. ಮಗಳು ಧಾರವಾಡದಲ್ಲಿ ಬಿ.ಎ.ಗೆ ಅದನ್ನೇ ತಗೊಂಡಾಗ ಮನೆಮಂದಿಯೆಲ್ಲ "ಅದನ್ನ ಓದಿ ಏನ್ ಮಾಡ್ತೀ?" ಅಂದೆವು. ಜಾಸ್ತಿ ಅಂದವನು ನಾನೇ.

ರಜೆಗೆ ಬಂದಾಗ ಅವಳು ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನು ರೈತರ ಜೊತೆ ಮಾತಾಡುವುದನ್ನು ಕೇಳುತ್ತಿದ್ದಳು. ಒಂದು ದಿನ ಅಂದಳು: "ಅಪ್ಪಾ, ನಮ್ಮ ಕ್ಲಾಸಿನ್ಯಾಗ ಮಾಡೂದೂ ಇದನ್ನ. ನೀ ಮೋಟರಿಗೆ ಮಾಡ್ತಿ, ನಾವು ಮಾತಿಗೆ ಮಾಡ್ತೀವಿ." ಆಮೇಲೆ ಅವಳ ಪುಸ್ತಕ ನಾನೂ ಓದಿದೆ. ಅರ್ಧ ತಿಳಿಯಿತು. ತಿಳಿದ ಆ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವೇ ಕೂತು ಒಂದು ಮಾತನ್ನು ಬಿಚ್ಚಿ ನೋಡಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು, ಯಾವ ಹತಾರ ಯಾವುದಕ್ಕೆ, ಎಲ್ಲಿ ಕೈ ಸುಡುತ್ತದೆ, ಇಷ್ಟೇ.

ಮೊದಲು ಹತಾರ. ನಮ್ಮ ಕೆಲಸದಲ್ಲಿ ದೊಡ್ಡ ದೊಡ್ಡ ಮೀಟರು ಬಂದಿವೆ, ಆದರೆ ನನ್ನ ಕೈ ಈಗಲೂ ಮೊದಲು ಹೋಗುವುದು ಸೀರೀಸ್ ಲ್ಯಾಂಪಿಗೆ. ಕರೆಂಟಿಗೆ ಸೇರಿಸಿದ ಒಂದು ಬಲ್ಬು, ಎರಡು ತಂತಿ. ಕಾಯಿಲಿನ, ಅಂದರೆ ಮೋಟಾರಿನೊಳಗೆ ಸುತ್ತಿದ ತಂತಿಯ, ಎರಡು ತುದಿಗೆ ಮುಟ್ಟಿಸಿದಾಗ ಬಲ್ಬು ಹತ್ತಿದರೆ ತಂತಿ ತುಂಡಾಗಿಲ್ಲ. ಒಂದನ್ನು ಕಾಯಿಲಿಗೆ, ಇನ್ನೊಂದನ್ನು ಮೋಟಾರಿನ ಹೊರಗಿನ ಬಾಡಿಗೆ ಮುಟ್ಟಿಸಿದಾಗ ಹತ್ತಿದರೆ ಕರೆಂಟು ಬಾಡಿಗೆ ಹೋಗುತ್ತಿದೆ. ಬಲ್ಬಿಗೆ ಮೋಟಾರಿನ ಮೇಲೆ ಸಿಟ್ಟೂ ಇಲ್ಲ, ಮಮತೆಯೂ ಇಲ್ಲ. ಒಂದು ಸಲಕ್ಕೆ ಎರಡೇ ಜಾಗ ಮುಟ್ಟುತ್ತದೆ. ಹತ್ತುತ್ತದೆ, ಇಲ್ಲಾ ಹತ್ತುವುದಿಲ್ಲ.

ಪ್ರಶ್ನೆಯೂ ಹಾಗಿರಬೇಕು. "ಜೀವನ ಅಂದರೇನು?" ಅನ್ನುವುದು ಇಡೀ ಮೋಟಾರಿಗೆ ಒಂದೇ ಸಲ ತಂತಿ ಮುಟ್ಟಿಸಿದ ಹಾಗೆ, ಏನೂ ಗೊತ್ತಾಗುವುದಿಲ್ಲ. ಹಾಗೆಯೇ, ಏನೇ ಉತ್ತರ ಬಂದರೂ ಬಲ್ಬು ಹತ್ತಿಯೇ ಇರುವ ಪ್ರಶ್ನೆಯಿಂದಲೂ ಉಪಯೋಗ ಇಲ್ಲ. ಮಳೆ ಬಂದರೂ "ಎಲ್ಲಾ ಅವನ ಇಚ್ಛೆ", ಬರದಿದ್ದರೂ "ಎಲ್ಲಾ ಅವನ ಇಚ್ಛೆ" ಅಂದರೆ ಮನಸ್ಸಿಗೆ ಸಮಾಧಾನ ಸಿಗಬಹುದು, ಆದರೆ ಆ ಮಾತಿನಿಂದ ಮಳೆಯ ಬಗ್ಗೆ ಒಂದು ಹನಿಯೂ ಗೊತ್ತಾಗಲಿಲ್ಲ, ಅಲ್ವಾ? ಕೇಳುವ ಮುಂಚೆ ನಿಮ್ಮನ್ನೇ ಕೇಳಿಕೊಳ್ಳಿ: ಯಾವ ಉತ್ತರ ಬಂದರೆ ನಾನು ನನ್ನ ಮಾತು ಬಿಡುತ್ತೇನೆ? ಅಂಥ ಉತ್ತರವೇ ಇಲ್ಲದಿದ್ದರೆ ಪ್ರಶ್ನೆ ಬದಲಾಯಿಸಿ.

ಮತ್ತಿನ್ನೇನಾಗಿರ್ತೈತಿ

ರೈತರು ಟಂಟಂ ಆಟೋದಲ್ಲಿ ಮೋಟಾರು ಹಾಕಿಕೊಂಡು ಬರುತ್ತಾರೆ. ಇಳಿಸುವ ಮುಂಚೆಯೇ ಕಾರಣ ಹೇಳಿಬಿಡುತ್ತಾರೆ.

"ವೋಲ್ಟೇಜ್ ಕಮ್ಮಿ ಬಂದಿತ್ರಿ, ಅದಕ್ಕ ಸುಟ್ಟೈತಿ."

"ನೀವು ನೋಡಿದ್ರೇನು?"

"ಇಲ್ರಿ. ಮತ್ತಿನ್ನೇನಾಗಿರ್ತೈತಿ?"

ಈ "ಮತ್ತಿನ್ನೇನಾಗಿರ್ತೈತಿ" ಕೇಳಿದ ಕೂಡಲೇ ಕಿವಿ ನಿಮಿರಬೇಕು. ಬೇರೆ ಕಾರಣ ಹುಡುಕಿಯೇ ಇಲ್ಲ ಅಂತ ಅವರೇ ಒಪ್ಪಿಕೊಂಡ ಹಾಗೆ ಅದು. ನೀವು ನಿಮ್ಮ ತಲೆಯೊಳಗೆ ಇದನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೀರಿ ಅಂತ ಒಂದು ವಾರ ಎಣಿಸಿ ನೋಡಿ. ನಾನು ಎಣಿಸಿ, ಮೂರನೇ ದಿನಕ್ಕೆ ನಾಚಿಕೆಯಾಗಿ ಬಿಟ್ಟೆ.

ನಾನು ಮಾಡುವುದು ಇಷ್ಟು. ಮೂರು ಫೇಸಿನ, ಅಂದರೆ ಮೂರು ಲೈನಿನಿಂದ ಕರೆಂಟು ಬರುವ, ಮೋಟಾರಿನಲ್ಲಿ ಮೂರು ಗುಂಪು ಕಾಯಿಲ್ ಇರುತ್ತವೆ. ವೋಲ್ಟೇಜ್ ಕಡಿಮೆಯಾಗಿ ಸುಟ್ಟಿದ್ದರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಕಪ್ಪಾಗಿರಬೇಕು. ಕವರು ತೆಗೆದು ನೋಡಿದರೆ ಎರಡು ಗುಂಪು ಇದ್ದಿಲು, ಮೂರನೆಯದು ಹೊಸ ತಾಮ್ರದ ಹಾಗೆ ಹೊಳೆಯುತ್ತಿದೆ. ಮೂರೂ ಗುಂಪಿನ ಒಂದೊಂದು ತುದಿಯನ್ನು ಒಂದೇ ಕಡೆ ಕೂಡಿಸಿದ ಸ್ಟಾರ್ ಕನೆಕ್ಷನ್ ಮೋಟಾರಿನಲ್ಲಿ ಇದು ಒಂದು ಫೇಸ್ ಹೋದ ಗುರುತು. ಎಲ್ಲೋ ಒಂದು ಫ್ಯೂಸ್ ಹೋಗಿದೆ, ಮೋಟಾರು ಉಳಿದ ಎರಡರ ಮೇಲೆ ಓಡಿದೆ, ಆ ಎರಡು ಜಾಸ್ತಿ ಕರೆಂಟು ಎಳೆದು ಸುಟ್ಟಿವೆ. ಅಂದಮೇಲೆ ವೋಲ್ಟೇಜಿನ ಮಾತು ನಿಲ್ಲುವುದಿಲ್ಲ.

ಇದರ ಎಲುಬು ಇಷ್ಟೇ: ಅದು ಆಗಿದ್ದರೆ ಇದು ಕಾಣಬೇಕು. ಇದು ಕಾಣುತ್ತಿಲ್ಲ. ಹಾಗಾದರೆ ಅದು ಆಗಿಲ್ಲ. ಮೋಟಾರು ತೆಗೆದು ಬೇರೆ ಏನೇ ಹಾಕಿದರೂ ಈ ಎಲುಬು ಗಟ್ಟಿ.

ಈಗ ಉಲ್ಟಾ ನೋಡಿ. ಮತ್ತೊಂದು ಮೋಟಾರಿನಲ್ಲಿ ಮೂರೂ ಗುಂಪು ಕಪ್ಪು. ರೈತರಿಗೆ ಖುಷಿ: "ನೋಡ್ರಿ, ನಾ ಹೇಳಿದ್ದಿಲ್ಲಾ?" ನಮ್ಮ ಅಂಗಡಿ ಹುಡುಗನೂ ತಲೆ ಆಡಿಸುತ್ತಾನೆ. ತಡೀರಿ. ಬೇರಿಂಗ್ ಹಿಡಿದುಕೊಂಡರೂ ಮೂರೂ ಕಪ್ಪಾಗುತ್ತವೆ. ಲೋಡ್ ಜಾಸ್ತಿಯಾದರೂ ಆಗುತ್ತವೆ. ಅದು ಆಗಿದ್ದರೆ ಇದು ಕಾಣುತ್ತದೆ, ಇದು ಕಾಣುತ್ತಿದೆ, ಆದ್ದರಿಂದ ಅದೇ ಆಗಿದೆ ಅನ್ನುವುದು ನೋಡಲು ಮೊದಲಿನದರ ಅಣ್ಣತಮ್ಮನ ಹಾಗೇ ಇದೆ. ಆದರೆ ಒಳಗೆ ತಂತಿ ತುಂಡಾಗಿದೆ. ಅಂಗಡಿ ಹಾಕಿದ ಹೊಸದರಲ್ಲಿ ನಾನು ಇದೇ ತಪ್ಪು ಮಾಡಿದೆ. ಮೂರೂ ಕಪ್ಪು ಕಂಡ ಕೂಡಲೇ ವೋಲ್ಟೇಜ್ ಅಂದುಕೊಂಡು ಹೊಸ ಕಾಯಿಲ್ ಸುತ್ತಿ ಕೊಟ್ಟೆ. ಶಾಫ್ಟನ್ನು ಒಮ್ಮೆ ಕೈಯಲ್ಲಿ ತಿರುಗಿಸಿ ನೋಡಿದ್ದರೆ ಬೇರಿಂಗ್ ಬಿಗಿದದ್ದು ಗೊತ್ತಾಗುತ್ತಿತ್ತು. ಎಂಟನೇ ದಿನಕ್ಕೆ ಅದೇ ಮೋಟಾರು ಮತ್ತೆ ಸುಟ್ಟು ಬಂತು. ಆ ತಾಮ್ರದ ದುಡ್ಡು ನನ್ನ ಜೇಬಿನಿಂದ ಹೋಯಿತು. ತರ್ಕ ಕಲಿಯಲು ಕೊಟ್ಟ ಫೀ ಅಂದುಕೊಂಡಿದ್ದೇನೆ.

ಈ ತುಂಡು ತಂತಿ ಊರ ತುಂಬ ಇದೆ. "ಒಳ್ಳೆಯವರಿಗೆ ದೇವರು ಕೊಡ್ತಾನ. ಅವನಿಗೆ ಕೊಟ್ಟಾನ. ಹಂಗಾರ ಅವ ಒಳ್ಳೆಯವನ." ಕೊಡಲು ಬೇರೆ ದಾರಿಗಳೂ ಇವೆ ಅನ್ನುವುದು ಆ ಮನೆಯ ಮುಂದೆ ನಿಂತ ಕಾರು ನೋಡಿದಾಗ ನಮಗೆ ಮರೆತು ಹೋಗುತ್ತದೆ.

ತಂತಿ ಗಟ್ಟಿ, ಆದರೂ ಮೋಟಾರು ಓಡದು

ಇದೊಂದನ್ನು ನಿಧಾನವಾಗಿ ಓದಿ. ಪುಸ್ತಕದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿದದ್ದು ಇದೇ.

ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡಳು. ಮಾತಾಡಿಸಲು ಹೋದವರಲ್ಲಿ ಒಬ್ಬರು ಹೊರಗೆ ಬಂದು ಹೇಳಿದರು: "ಒಳ್ಳೆಯವರಿಗೆ ಕೆಟ್ಟದ್ದು ಆಗಂಗಿಲ್ಲ. ಏನೋ ಮಾಡಿರಬೇಕು." ನನಗೆ ಮೈ ಉರಿಯಿತು. ತಪ್ಪು ಎಲ್ಲಿದೆ ಅಂತ ಹುಡುಕಿದೆ. ಒಳ್ಳೆಯವಳಾಗಿದ್ದರೆ ಕೆಟ್ಟದ್ದು ಆಗುವುದಿಲ್ಲ, ಕೆಟ್ಟದ್ದು ಆಗಿದೆ, ಹಾಗಾದರೆ ಒಳ್ಳೆಯವಳಲ್ಲ. ಮುಟ್ಟಿಸಿ ನೋಡಿದೆ, ಬಲ್ಬು ಹತ್ತಿತು! ನಾನು ಮೋಟಾರಿಗೆ ಹಾಕುವ ಗಟ್ಟಿ ಎಲುಬೇ ಅದು.

ಮಗಳಿಗೆ ಫೋನು ಮಾಡಿದೆ. ಅವಳು ಅಂದದ್ದು: "ಜೋಡಣೆ ಸರಿ ಐತಿ ಅಪ್ಪಾ. ಒಳಗ ಬಿಟ್ಟ ಮಾತು ಸರಿ ಐತೇನು ನೋಡು." ಜೋಡಣೆ ಸರಿ ಇದ್ದು ಕೊನೆಗೆ ಸುಳ್ಳು ಹೊರಬಂದರೆ ಮೊದಲು ಹಾಕಿದ ಮಾತುಗಳಲ್ಲಿ ಒಂದಾದರೂ ಸುಳ್ಳಾಗಿರಲೇಬೇಕು. ಆ ಹೆಣ್ಣುಮಗಳು ಒಳ್ಳೆಯವಳು ಅನ್ನುವುದು ಓಣಿಗೆಲ್ಲ ಗೊತ್ತು. ಅವಳಿಗೆ ಕೆಟ್ಟದ್ದಾಯಿತು ಅನ್ನುವುದೂ ಗೊತ್ತು. ಹಾಗಾದರೆ ಸುಳ್ಳು ಯಾವುದು? "ಒಳ್ಳೆಯವರಿಗೆ ಕೆಟ್ಟದ್ದು ಆಗುವುದಿಲ್ಲ" ಅನ್ನುವ ಮಾತೇ. ತರ್ಕದಿಂದ ಅವಳ ಹೆಸರು ಕೆಡಿಸಲು ಹೋದರು, ಅದೇ ತರ್ಕ ಅವರ ಗಾದೆಯನ್ನೇ ಸುಟ್ಟಿತು.

ಅದಕ್ಕೆ ಯಾವ ವಾದ ಕೇಳಿದರೂ ಎರಡು ಬೇರೆ ಬೇರೆ ಪರೀಕ್ಷೆ ಮಾಡಿ. ಮಾತಿನಿಂದ ಮಾತು ಬರುತ್ತದೆಯೇ? ಅದು ತಂತಿ. ಮೊದಲ ಮಾತು ನಿಜವೇ? ಅದು ಕರೆಂಟು. ಎರಡನ್ನೂ ಒಟ್ಟಿಗೆ ನೋಡಲು ಹೋದವರು ಎರಡೂ ಕಡೆ ಮೋಸ ಹೋಗುತ್ತಾರೆ.

ಹೊಗೆ, ಬೆಂಕಿ, ಹಸಿ ಕಟ್ಟಿಗೆ

ನಮ್ಮ ದೇಶದಲ್ಲಿ ನ್ಯಾಯ ದರ್ಶನ ಅನ್ನುವ ಹಳೇ ತರ್ಕಶಾಸ್ತ್ರದವರು ಇದನ್ನು ಬಹಳ ಹಿಂದೆಯೇ ಕೂತು ಬಿಚ್ಚಿದ್ದಾರೆ. ಅವರ ಹಳೇ ಉದಾಹರಣೆ: ಗುಡ್ಡದ ಮೇಲೆ ಬೆಂಕಿ ಇದೆ. ಯಾಕೆ? ಹೊಗೆ ಕಾಣುತ್ತಿದೆ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯ ಹಾಗೆ. ಈ ಗುಡ್ಡದಲ್ಲೂ ಅಂಥದೇ ಹೊಗೆ ಇದೆ. ಆದ್ದರಿಂದ ಬೆಂಕಿ ಇದೆ. ಐದು ಮೆಟ್ಟಿಲು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಹೆಸರು ನೆನಪಿಡಬೇಕಾಗಿಲ್ಲ. ಮೂರನೇ ಮೆಟ್ಟಿಲಿನಲ್ಲಿ ಒಂದು ಅಡುಗೆಮನೆ ಇರಲೇಬೇಕು ಅನ್ನುವುದನ್ನು ಮಾತ್ರ ಬಿಡಬೇಡಿ. ಯಾರಾದರೂ ಗಾಳಿಯಲ್ಲಿ ದೊಡ್ಡ ಮಾತು ಆಡಿದರೆ ನಾನು "ಅಡುಗೆಮನಿ ತೋರಿಸ್ರಿ" ಅನ್ನುತ್ತೇನೆ. ಕೇಳಿದವರು ನನಗೆ ಹಸಿವಾಗಿದೆ ಅಂದುಕೊಳ್ಳುತ್ತಾರೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಸರಿ, ಬೆಂಕಿ ಇದ್ದಲ್ಲಿ ಹೊಗೆ ಇರಲೇಬೇಕೇ? ಇಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಇದನ್ನು ಓದಿದಾಗ ನನಗೆ ಕಮ್ಮಾರಸಾಲೆಗೆ ಹೋದ ಹಾಗಾಯಿತು. ಹಾಗಾದರೆ ಹೊಗೆ ಬರಲು ಬೆಂಕಿಯ ಜೊತೆ ಇನ್ನೇನು ಬೇಕು? ಹಸಿ ಕಟ್ಟಿಗೆ. ಮುಧೋಳದ ಕಡೆ ಕಬ್ಬಿನ ರವದಿ (ಕಬ್ಬಿನ ಗರಿ) ಸುಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ರವದಿ ಭಗ್ಗನೆ ಉರಿದು ಹೋಗುತ್ತದೆ, ಹಸಿ ರವದಿ ಊರಿಗೆಲ್ಲ ಹೊಗೆ ಎಬ್ಬಿಸುತ್ತದೆ. ಹೇಳದೇ ಉಳಿದ ಈ ಶರತ್ತಿಗೆ ಅವರು ಉಪಾಧಿ ಅನ್ನುತ್ತಾರೆ.

ನನ್ನ ಲೆಕ್ಕದಲ್ಲಿ ಇಡೀ ಪೆಟ್ಟಿಗೆಯಲ್ಲಿ ಇದೇ ಅತಿ ಉಪಯೋಗದ ಹತಾರ. ಯಾವುದೇ "ಅದಿದ್ದರೆ ಇದು" ಕೇಳಿದಾಗ ಹಸಿ ಕಟ್ಟಿಗೆ ಎಲ್ಲಿದೆ ಅಂತ ಹುಡುಕಿ. "ಇಂಗ್ಲಿಷ್ ಶಾಲೆಗೆ ಹೋದ ಮಕ್ಕಳು ಮುಂದೆ ಬರುತ್ತಾರೆ." ಇರಬಹುದು. ಅವರ ಮನೆಯಲ್ಲಿ ದುಡ್ಡಿತ್ತಾ? ಕೂರಿಸಿಕೊಂಡು ಓದಿಸುವವರು ಇದ್ದರಾ? ಅದೇ ದುಡ್ಡು, ಅದೇ ಓದಿಸುವವರು ಇದ್ದ ಕನ್ನಡ ಶಾಲೆಯ ಮಗು ಏನಾಯಿತು? ಇಷ್ಟು ಕೇಳದೆ ಫೀ ಕಟ್ಟಿದವರಲ್ಲಿ ನಾನೂ ಒಬ್ಬ, ಅದು ಬೇರೆ ಮಾತು.

ಪುರಾವೆ ಕೈಯಲ್ಲಿದ್ದಾಗಲೂ ಅದು ಎಷ್ಟು ದೂರ ಹೋಗುತ್ತದೆ ಅಂತ ಅಳೆಯಬೇಕು. ನಮ್ಮ ಜಿಲ್ಲೆಯ ಐಹೊಳೆಯ ಮೇಗುತಿ ಗುಡಿಯ ಗೋಡೆಯ ಮೇಲೆ ಕವಿ ರವಿಕೀರ್ತಿಯ ಶಾಸನ ಇದೆ, ಇಮ್ಮಡಿ ಪುಲಕೇಶಿಯ ಕಾಲದ್ದು. ಶಕ 556 ಅಂತ ಬರೆದಿದೆ, ಅಂದರೆ ಕ್ರಿ.ಶ. 634ರ ಸುಮಾರು. ಅದೇ ಕಲ್ಲಿನಲ್ಲಿ ಮಹಾಭಾರತ ಯುದ್ಧ ಆಗಿ 3735 ವರ್ಷ ಆಯಿತು ಅಂತಲೂ ಇದೆ. ನಮ್ಮ ಜೊತೆ ಬಂದ ಬಂಧುವೊಬ್ಬರು "ಕಲ್ಲಿನ್ಯಾಗ ಕೆತ್ತೈತಿ, ಯುದ್ಧದ ತಾರೀಖು ಸಿಕ್ಕಂಗಾತು" ಅಂದರು. ಕಲ್ಲು ಹೇಳುವುದು ಏನು? 634ರಲ್ಲಿ ಜನ ಹೀಗೆ ಲೆಕ್ಕ ಹಿಡಿದಿದ್ದರು ಅಂತ. ಅಷ್ಟಕ್ಕೆ ಅದು ಗಟ್ಟಿ ಸಾಕ್ಷಿ. ಯುದ್ಧ ಆದದ್ದು ಯಾವಾಗ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕು. ಕಲ್ಲು ಗಟ್ಟಿ ಅಂದ ಮಾತ್ರಕ್ಕೆ ಮೂರು ಸಾವಿರ ವರ್ಷದ ಹಿಂದಿನವರೆಗೆ ಅದರ ಕೈ ಮುಟ್ಟುವುದಿಲ್ಲ.

ಕಿಟಕಿಯ ಮೇಲಿನ ಗ್ಲಾಸು

ಇಲ್ಲಿಯವರೆಗೆ ಬೇರೆಯವರ ಮಾತು ಬಿಚ್ಚಿದೆವು. ಅದು ಸುಲಭ, ಖುಷಿಯೂ ಆಗುತ್ತದೆ. ಈಗ ನಿಮ್ಮದು.

ನಮ್ಮ ಕಡೆ ಬಸವಣ್ಣನ ಬಗ್ಗೆ ಒಂದು ಕತೆ ಹೇಳುತ್ತಾರೆ. ಬಾಗೇವಾಡಿಯಲ್ಲಿ ಹುಡುಗನಿಗೆ ಜನಿವಾರ ಹಾಕಲು ಹೊರಟಾಗ "ಅಕ್ಕ ನಾಗಮ್ಮನಿಗೆ ಯಾಕಿಲ್ಲ?" ಅಂತ ಕೇಳಿದನಂತೆ. ಎಷ್ಟು ಸಣ್ಣ ಪ್ರಶ್ನೆ! ಜನಿವಾರ ಒಳ್ಳೆಯದೋ ಕೆಟ್ಟದ್ದೋ ಅನ್ನುವ ತಂಟೆಗೇ ಹೋಗಲಿಲ್ಲ. ನೀವು ನನಗೆ ಕೊಡುವ ಕಾರಣ ಅವಳಿಗೂ ಹೊಂದುತ್ತದೆಯೇ ಅಂತ ಮಾತ್ರ ನೋಡಿದ. ಹೊಂದಿದರೆ ಅವಳಿಗೂ ಹಾಕಿ. ಹೊಂದದಿದ್ದರೆ ಎಲ್ಲಿ ಹೊಂದುವುದಿಲ್ಲ ತೋರಿಸಿ.

ವಿಧಾನ ಇಷ್ಟೇ: ನಿಮ್ಮ ಕಾರಣವನ್ನು ಎತ್ತಿ ಪಕ್ಕದವರ ಮೇಲೆ ಇಟ್ಟು ನೋಡುವುದು.

ನನ್ನ ಮೇಲೆ ಇದನ್ನು ಮಾಡಿದವಳು ಮಗಳು. ಅಂಗಡಿಯಲ್ಲಿ ಸಂಜೆ ಚಹಾ ತರಿಸುತ್ತೇವೆ. ಹುಡುಗನ ಗ್ಲಾಸು ಬೇರೆ ಇತ್ತು. ಕಿಟಕಿಯ ಮೇಲೆ ಇರುತ್ತಿತ್ತು. ನಾನು ಇಟ್ಟ ನಿಯಮ ಅಂತಲ್ಲ, ಹಾಗೇ ನಡೆದು ಬಂದಿತ್ತು.

"ಅಪ್ಪಾ, ಅವನ ಗ್ಲಾಸ್ ಯಾಕ ಬ್ಯಾರೆ?"

"ಕೈಗೆ ಗ್ರೀಸ್ ಇರ್ತೈತಿ."

"ನಿನ್ನ ಕೈಗೆ?"

ನನ್ನ ಕೈ ನೋಡಿಕೊಂಡೆ. "ಅವ ಹೊರಗಿಂದ ಬರ್ತಾನ."

"ಮಾಸ್ತರೂ ಹೊರಗಿಂದನ ಬರ್ತಾರ."

ನಿವೃತ್ತ ಮಾಸ್ತರು ಅಲ್ಲೇ ಕೂತು ನಮ್ಮದೇ ಗ್ಲಾಸಿನಲ್ಲಿ ಚಹಾ ಕುಡಿಯುತ್ತಿದ್ದರು. ಮೂರನೇ ಉತ್ತರ ನನ್ನ ನಾಲಿಗೆಯ ತುದಿಗೆ ಬಂತು. ಹೇಳಲಿಲ್ಲ. ಮೊದಲಿನ ಎರಡೂ ಹೇಳಿದ ಕಾರಣಗಳು, ಈ ಮೂರನೆಯದೇ ಇದ್ದ ಕಾರಣ ಅಂತ ನನಗೆ ಆಗಲೇ ಗೊತ್ತಾಯಿತು. ಹೇಳಲು ನಾಚಿಕೆಯಾಗುವ ಕಾರಣದ ಮೇಲೆ ಇಷ್ಟು ವರ್ಷ ಒಂದು ಗ್ಲಾಸು ನಿಂತಿತ್ತು.

ಮರುದಿನ ಒಂದೇ ಥರದ ಆರು ಗ್ಲಾಸು ತಂದೆ. ಹುಡುಗ ಎರಡು ದಿನ ಕಿಟಕಿಯ ಕಡೆಗೇ ಕೈ ಚಾಚಿದ.

ನೀವು ಇದನ್ನು ಮನೆಯಲ್ಲಿ ಮಾಡುವಾಗ ಒಂದು ಎಚ್ಚರ. ಒಂದು ಕಾರಣ ಬಿದ್ದ ಕೂಡಲೇ ಮನಸ್ಸು ಇನ್ನೊಂದನ್ನು ತಂದು ನಿಲ್ಲಿಸುತ್ತದೆ, ಅದು ಬಿದ್ದರೆ ಮತ್ತೊಂದು. ಎಲ್ಲಾ ಕಾರಣ ಬಿದ್ದರೂ ನಿರ್ಧಾರ ಮಾತ್ರ ಅಲ್ಲಾಡದೆ ನಿಂತಿದ್ದರೆ ಅದು ಆ ಕಾರಣಗಳ ಮೇಲೆ ಯಾವತ್ತೂ ನಿಂತಿರಲಿಲ್ಲ. ಉತ್ತರಗಳನ್ನು ಒಂದರ ಕೆಳಗೊಂದು ಬರೆದುಕೊಳ್ಳಿ. ಇಲ್ಲದಿದ್ದರೆ ನಾಲ್ಕನೆಯದು ಹೇಳುವಾಗ ಮೊದಲನೆಯದು ಬಿದ್ದದ್ದು ಮರೆತಿರುತ್ತೀರಿ, ಮತ್ತೆ ಅದನ್ನೇ ಹೇಳುತ್ತೀರಿ.

ಯಾರ ಜೊತೆ ಕೂರಬೇಕು

ಒಬ್ಬರೇ ಕೂತರೆ ನಮ್ಮ ತಪ್ಪು ನಮಗೆ ಕಾಣುವುದಿಲ್ಲ. ಜೊತೆ ಬೇಕು. ಆದರೆ ಚುನಾವಣೆ ಸಮಯದಲ್ಲಿ ಚಹಾದಂಗಡಿಯ ಮುಂದೆ ಶುರು ಮಾಡಬೇಡಿ.

ನ್ಯಾಯದವರು ಮಾತುಕತೆಯನ್ನು ಮೂರು ಮಾಡುತ್ತಾರೆ. ನಿಜ ಏನು ಅಂತ ಇಬ್ಬರೂ ಹುಡುಕುವುದು ವಾದ. ಹೇಗಾದರೂ ಗೆಲ್ಲಬೇಕು ಅನ್ನುವುದು ಜಲ್ಪ. ತನ್ನದೇನೂ ಹೇಳದೆ ಎದುರಿನವರದನ್ನು ಕೆಡಿಸುವುದು ವಿತಂಡ. ನಾವು ದಿನಾ "ವಿತಂಡವಾದ ಮಾಡಬ್ಯಾಡ" ಅಂತ ಬೈಯುತ್ತೇವಲ್ಲ, ಅದು ಇಲ್ಲಿಂದ ಬಂದದ್ದು. ಯಾರ ಜೊತೆ ಕೂತಾಗಲೂ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಎದುರಿನವರ ಮಾತನ್ನು ನನ್ನ ಬಾಯಲ್ಲಿ ಹೇಳಿ, "ನೀವು ಹೇಳಿದ್ದು ಇದೇ ಅಲ್ರೀ?" ಅನ್ನುತ್ತೇನೆ. ಅವರು "ಹೌದು" ಅನ್ನುವವರೆಗೆ ಉತ್ತರ ಕೊಡುವುದಿಲ್ಲ. ಅವರೂ ನನಗೆ ಹಾಗೆ ಮಾಡಿದರೆ ಕೂರುತ್ತೇನೆ. ಇಲ್ಲದಿದ್ದರೆ ವಾರ್ನಿಷ್ ಹಾಕುವ ಕೆಲಸ ನೆನಪಾಗುತ್ತದೆ.

ಇನ್ನೊಂದು ಅಪಾಯ ನನ್ನಂಥವರಿಗೆ. ಗ್ರೀಸಿನ ಅಥೆನ್ಸಿನಲ್ಲಿ ಸಾಕ್ರೆಟಿಸ್ ಅನ್ನುವ ಕಲ್ಲುಕುಟಿಗನ ಮಗ ಪೇಟೆಯಲ್ಲಿ ಸಿಕ್ಕವರಿಗೆಲ್ಲ ಪ್ರಶ್ನೆ ಕೇಳುತ್ತ ತಿರುಗುತ್ತಿದ್ದ. ತಾನು ಏನೂ ಬರೆದಿಡಲಿಲ್ಲ. ಕ್ರಿ.ಪೂ. 399ರಲ್ಲಿ ಅವನ ಮೇಲೆ ಕೇಸು ನಡೆದು, ಕೊನೆಗೆ ವಿಷ ಕುಡಿದು ಸಾಯಬೇಕಾಯಿತು. ಆ ವಿಚಾರಣೆಯಲ್ಲಿ ಅವನು ಹೇಳಿದ್ದು ಅಂತ ಶಿಷ್ಯ ಪ್ಲೇಟೋ ಬರೆದಿಟ್ಟದ್ದರಲ್ಲಿ ಕುಶಲ ಕೆಲಸಗಾರರ ಮಾತೂ ಬರುತ್ತದೆ. ಅವರಿಗೆ ಅವರ ಕೆಲಸ ನಿಜವಾಗಿಯೂ ಗೊತ್ತಿತ್ತು. ಆದರೆ ಅದು ಗೊತ್ತಿದೆ ಅನ್ನುವುದರಿಂದಲೇ ಬೇರೆ ದೊಡ್ಡ ವಿಷಯಗಳೂ ತಮಗೆ ಗೊತ್ತು ಅಂದುಕೊಂಡಿದ್ದರು. ಇದನ್ನು ಓದಿ ಪುಸ್ತಕ ಮುಚ್ಚಿಟ್ಟೆ. ಎರಡು ಸಾವಿರದ ನಾನೂರು ವರ್ಷದ ಹಿಂದಿನ ಮನುಷ್ಯ ನೇರ ನನ್ನ ಅಂಗಡಿಗೆ ಬಂದು ಬೈದ ಹಾಗಿತ್ತು. ಆದ್ದರಿಂದ ಮೋಟಾರಿನ ಉಪಮೆ ಎಲ್ಲಿ ಸಾಕು ಅನ್ನಿಸುತ್ತದೋ ಅಲ್ಲಿ ನೀವೇ ನನ್ನನ್ನು ನಿಲ್ಲಿಸಿ.

ಕಾಕಾನ ಮೋಟಾರು

ಈಗ ಒಂದು ಕೆಲಸ ಪೂರ್ತಿ ಮಾಡಿ ತೋರಿಸುತ್ತೇನೆ.

ಘಟಪ್ರಭಾ ದಂಡೆಯ ಒಬ್ಬ ಕಾಕಾ ನನ್ನ ಹಳೇ ಗಿರಾಕಿ. ಅವರ ಐದು ಎಚ್‌ಪಿ ಮೋಟಾರಿಗೆ ನಾನೇ ಐದು ಸಲ ಕಾಯಿಲ್ ಸುತ್ತಿದ್ದೇನೆ. ಬೇರಿಂಗ್ ಲೆಕ್ಕವಿಲ್ಲ. ಶಾಫ್ಟ್ ಒಮ್ಮೆ. ಕೊನೆಯ ಸಲ ಸುತ್ತಿ ಆರು ತಿಂಗಳ ಗ್ಯಾರಂಟಿ ಬರೆದು ಕೊಟ್ಟಿದ್ದೆ. ನಾಲ್ಕನೇ ತಿಂಗಳಿಗೆ ಕಾಯಿಲ್ ಹೋಗಿ ಬಂತು. ನೋಡಿದರೆ ನೇಮ್‌ಪ್ಲೇಟ್ ನಂಬರೇ ಬೇರೆ. ನಡುವೆ ಬಾಡಿ ಒಡೆದಿತ್ತಂತೆ. ಬೇರೆ ಕಡೆ ಒಯ್ದು, ನಾನು ಸುತ್ತಿದ ಸ್ಟೇಟರ್ (ಕಾಯಿಲ್ ಕೂತಿರುವ ಭಾಗ) ತೆಗೆದು ಗುಜರಿಯಿಂದ ತಂದ ಬಾಡಿಗೆ ಕೂಡಿಸಿಕೊಂಡಿದ್ದರು.

"ಕಾಕಾ, ಇದು ಆ ಮೋಟರ ಅಲ್ಲ."

"ಏ ತಮ್ಮಾ, ನಮ್ಮಪ್ಪ ತಂದ ಮೋಟರೋ ಇದು!"

ಮಗಳು ಸ್ಟೂಲಿನಿಂದ ಇಳಿದು ಬಂದಳು. ಹಳೇ ಬಿಲ್ಲಿನ ಹಿಂದೆ ಎರಡು ಸಾಲು ಬರೆಸಿದಳು. ನನ್ನದು: "ಇದು ಬೇರೆ ಮೋಟಾರು." ಕಾಕಾನದು: "ಇದು ಅದೇ ಮೋಟಾರು." ಮೊದಲ ಹೆಜ್ಜೆ ಯಾವತ್ತೂ ಇದೇ. ಮಾತನ್ನು ಒಂದು ಸಾಲಿಗೆ ಇಳಿಸಿ ಬರೆಯುವುದು.

ಎರಡನೆಯದು, ಆ ಮಾತಿನ ಹಿಂದೆ ಅಡಗಿದ ನಿಯಮ ಹೊರಗೆ ತೆಗೆಯುವುದು. ನನ್ನ ನಿಯಮ: ನೇಮ್‌ಪ್ಲೇಟ್ ಬೇರೆಯಾದರೆ ಮೋಟಾರು ಬೇರೆ. ಕಾಕಾನ ನಿಯಮ: ಒಂದೊಂದೇ ಸಾಮಾನು ಬದಲಾಗುತ್ತ ಹೋದರೆ ಮೋಟಾರು ಅದೇ.

ಮೂರನೆಯದು, ನಿಯಮವನ್ನು ಅಂಚಿಗೆ ದೂಡುವುದು. ಮಗಳು ನನ್ನನ್ನು ಕೇಳಿದಳು: "ಆ ಪ್ಲೇಟ್ ಬಿಚ್ಚಿ ಪಕ್ಕದ ಮೋಟರಿಗೆ ಬಡದ್ರ, ಪಕ್ಕದ್ದು ಕಾಕಾನ ಮೋಟರ ಆಗ್ತೈತೇನು?" ಇಲ್ಲ. ನನ್ನ ನಿಯಮ ಅಲ್ಲೇ ಸುಟ್ಟಿತು. ಆಮೇಲೆ ಕಾಕಾನ ಕಡೆ ತಿರುಗಿದಳು. "ಕಾಕಾ, ಹಿಂಗ ಎಲ್ಲಾ ಸಾಮಾನೂ ಬದಲಾಗಿ ನಿಮ್ಮಪ್ಪ ತಂದದ್ದು ಒಂದೂ ಉಳೀಲಿಲ್ಲ ಅನ್ರಿ. ಗುಜರಿಯಂವ ಆ ಹಳೇ ಸಾಮಾನು ಎಲ್ಲಾ ಕೂಡಿಸಿಟ್ಟು ಒಂದು ಮೋಟರ ಮಾಡಿದಾ ಅನ್ರಿ. ನಿಮ್ಮಪ್ಪನ ಮೋಟರ ಯಾವುದು?"

ಕಾಕಾ ತಂಬಾಕು ತಿಕ್ಕಿದರು. ಬಹಳ ಹೊತ್ತು ತಿಕ್ಕಿದರು. ಕೊನೆಗೆ "ಅದು ಓಡ್ತೈತೇನು?" ಅಂದರು.

ಇದು ಹಳೇ ಪ್ರಶ್ನೆ. ಅಥೆನ್ಸಿನವರು ಥೀಸಿಯಸ್ ಅನ್ನುವ ವೀರನ ಹಡಗನ್ನು ಕಾಪಾಡಿಕೊಂಡು, ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತ ಬಂದರಂತೆ. ಅದು ಅದೇ ಹಡಗೋ ಅಲ್ಲವೋ ಅಂತ ತತ್ವಜ್ಞಾನಿಗಳು ಜಗಳಾಡಿದ್ದನ್ನು ಹಳೇ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಹಳೇ ಹಲಗೆಗಳನ್ನೇ ಕೂಡಿಸಿ ಎರಡನೇ ಹಡಗು ಕಟ್ಟಿದರೆ ಏನು ಅಂತ ಕೇಳಿದವನು 17ನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ಹಾಬ್ಸ್. "ಓಡುತ್ತದೆಯೇ" ಅಂತ ಕೇಳಿದ್ದು ನಮ್ಮ ಕಾಕಾ.

ನಾಲ್ಕನೆಯದು, ಮಾತು ಸಿಕ್ಕಿಹಾಕಿಕೊಂಡಾಗ "ಅದೇ ಅನ್ನುವುದು ಯಾವ ಕೆಲಸಕ್ಕೆ?" ಅಂತ ಕೇಳುವುದು. ಗ್ಯಾರಂಟಿಗೆ ಬೇಕಾದದ್ದು ಏನು? ನಾನು ಸುತ್ತಿದ ಕಾಯಿಲ್. ಅದು ಅದೇ. ಬಾಡಿ ಬದಲಾದ್ದರಿಂದ ಕಾಯಿಲ್ ಕೆಟ್ಟಿತು ಅನ್ನುವ ಗುರುತೂ ಸಿಗಲಿಲ್ಲ. ಆದ್ದರಿಂದ ಗ್ಯಾರಂಟಿ ನಡೆಯುತ್ತದೆ, ನಾನು ಸೋತೆ. ಅಪ್ಪ ತಂದದ್ದು ಅನ್ನುವುದು ಬೇರೆ ಪ್ರಶ್ನೆ. ಅದಕ್ಕೆ ಬೇಕಾದದ್ದು ಅದೇ ಹೊಲದಲ್ಲಿ ನಡುವೆ ಬಿಡದೆ ಓಡಿದ್ದು. ಒಂದು ಜಗಳ ಅಂದುಕೊಂಡದ್ದು ಎರಡಾಗಿತ್ತು.

ಇಲ್ಲಿಗೆ ಮುಗಿಯಿತು ಅಂದುಕೊಂಡು ನಾನು ಖುಷಿಯಾಗಿ ಈ ಹತಾರವನ್ನು ಎಲ್ಲದಕ್ಕೂ ಹಚ್ಚತೊಡಗಿದೆ. ಅದು ಎಲ್ಲಿ ನಿಲ್ಲುತ್ತದೆ ಅನ್ನುವುದು ಅವ್ವನಿಂದ ಗೊತ್ತಾಯಿತು. ನಾನು ಹುಟ್ಟಿದ್ದು ಬಿಜಾಪುರ ಜಿಲ್ಲೆಯಲ್ಲಿ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಯಿತು, 2014ರಲ್ಲಿ ಬಿಜಾಪುರ ವಿಜಯಪುರ ಆಯಿತು. ಹೆಸರು ಬದಲಾಯಿತು, ನೆಲ ಅಲ್ಲೇ ಇತ್ತು, ಯಾರಿಗೂ ತೊಂದರೆಯಾಗಲಿಲ್ಲ. ನಮ್ಮ ಊರಿನದು ಉಲ್ಟಾ. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯ ಭಾಗ ಹೋಯಿತು, ನಮ್ಮ ಮನೆಯೂ ಹೋಯಿತು. ನವನಗರ ಕಟ್ಟಿ ಸೆಕ್ಟರ್ ನಂಬರ್ ಕೊಟ್ಟರು. ಹೆಸರು ಉಳಿಯಿತು, ನೆಲ ಹೋಯಿತು. ಬಸ್ಸಿನ ಬೋರ್ಡಿಗೆ ಇದು ಬಾಗಲಕೋಟೆ. ರೇಷನ್ ಕಾರ್ಡಿಗೂ ಬಾಗಲಕೋಟೆ. ಅವ್ವ ಮಾತ್ರ ಇಲ್ಲಿ ಹತ್ತು ವರ್ಷ ಇದ್ದು, ಕೊನೆಯವರೆಗೂ "ಊರಿಗೆ ಹೋಗೂಣು" ಅನ್ನುತ್ತಿದ್ದಳು. ಯಾವ ಕೆಲಸಕ್ಕೆ ಅದೇ ಊರು ಬೇಕು ಅಂತ ಅವಳನ್ನು ಕೇಳಲು ಬಾಯಿ ಬರುತ್ತಿರಲಿಲ್ಲ. ಅವಳಿಗೆ ಅದು ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ, ಆದರೂ ಅವಳ ಮಾತು ತಪ್ಪಾಗಿರಲಿಲ್ಲ. ಈ ಗಂಟು ನನಗೆ ಬಿಚ್ಚಲು ಬಂದಿಲ್ಲ.

ಕಾಕಾನ ಮೋಟಾರು ಪುಕ್ಕಟೆ ಸುತ್ತಿ ಕೊಟ್ಟೆ. ಟಂಟಂಗೆ ಏರಿಸುವಾಗ ಸುಮ್ನೆ ಕೇಳಿದೆ, "ಕಾಕಾ, ಮೊದಲಿಂದು ಎರಡು ಸಾವಿರದ ನಾನೂರು ಬಾಕಿ ಐತಿ. ಐದು ವರ್ಷ ಆತು."

"ಐದು ವರ್ಷದಾಗ ನನ್ನ ಮೈಯಾಗಿನ ಸಾಮಾನೆಲ್ಲಾ ಬದಲಾಗೇತಿ ತಮ್ಮಾ. ಹಲ್ಲು ನೋಡು. ಆ ಬಾಕಿ ಮಾಡಿದಾಂವ ಬ್ಯಾರೆ, ಈಗ ನಿಂತಾಂವ ಬ್ಯಾರೆ."

"ಹಂಗಾರ ಗ್ಯಾರಂಟಿ ಕೊಟ್ಟದ್ದೂ ಬ್ಯಾರೆಯವರಿಗೆ. ಮೋಟರ ಇಳಸ್ರಿ."

"ನಾಲ್ಕು ತಿಂಗಳದಾಗ ಅಷ್ಟೊಂದು ಬದಲಾಗಿಲ್ಲೋ!"

ಮಗಳು ನಗುತ್ತ, ಇದು ನಾವು ಕೊಟ್ಟ ಉತ್ತರಗಳಿಗಿಂತ ಗಟ್ಟಿ ಅಂದಳು. ಹಾಗಾದರೆ ಎಷ್ಟು ತಿಂಗಳಿಗೆ ಮನುಷ್ಯ ಬೇರೆಯಾಗುತ್ತಾನೆ, ಗೆರೆ ಎಲ್ಲಿ ಎಳೆಯಬೇಕು ಅಂತ ನಾನು ಕೇಳಿದೆ. ಕಾಕಾ ಜೇಬಿನಿಂದ ಐನೂರರ ನೋಟು ತೆಗೆದು, "ಇಲ್ಲಿ ಎಳಿ" ಅಂತ ಕೈಗಿಟ್ಟರು. ಉಳಿದ ಸಾವಿರದ ಒಂಬೈನೂರನ್ನು ಪುಸ್ತಕದಲ್ಲಿ ಅದೇ ಹೆಸರಿನ ಕೆಳಗೆ ಬರೆದುಕೊಂಡಿದ್ದೇನೆ.